ಪೋವಾಡ: ಪುಣೆ ಸೀಮೆಯ ವೀರಗಾಥೆ

ಪೋವಾಡವೆಂದರೆ ಮರಾಠಿಯ ವೀರಗಾಥೆ. ಪುಣೆಯಿಂದ ಸಾತಾರಾದವರೆಗೆ ಸಹ್ಯಾದ್ರಿಯ ಮಗ್ಗುಲಲ್ಲಿ ಚಾಚಿರುವ ಮಾವಳ ಕಣಿವೆಗಳಲ್ಲಿ, 17ನೆಯ ಶತಮಾನದ ನಡುವಿಗೆ, ಶಿವಾಜಿಯ ಕಾಲದಲ್ಲಿ ಇದು ಈಗ ನಾವು ಕೇಳುವ ರೂಪ ಪಡೆಯಿತು. ಹಾಡುವವನು ಶಾಹೀರ. ಯುದ್ಧ, ಸಾವು, ಕೋಟೆ ಹತ್ತಿದ್ದು, ದೊರೆಗಾಗಿ ತಲೆ ಕೊಟ್ಟದ್ದು ಇದರ ವಸ್ತು. ವೀರ, ಸ್ವಾಮಿನಿಷ್ಠೆ, ದೈವಭಕ್ತಿ ಈ ಮೂರೂ ಒಂದೇ ಹಾಡಿನೊಳಗೆ ಹೆಣೆದುಕೊಂಡಿರುವುದು ಇದರ ಮುಖ್ಯ ಲಕ್ಷಣ. ಇಂಗ್ಲೆಂಡಿನ ಮಧ್ಯಯುಗದ ಸಾಹಿತ್ಯದಲ್ಲಿ ನೈಟ್‌ಗಳ ಶೌರ್ಯ ಮತ್ತು ಕ್ರೈಸ್ತಧರ್ಮ ಹೇಗೆ ಬೆರೆತವೆಂದು ಕಾಲೇಜಿನಲ್ಲಿ ಓದುವ ನಮ್ಮ ವಿದ್ಯಾರ್ಥಿಗೆ ಅದೇ ಪ್ರಶ್ನೆಯನ್ನು ಕೇಳಬಹುದಾದ ಸಾಹಿತ್ಯ ಪಕ್ಕದ ಮನೆಯಲ್ಲೇ ಇದೆ. ಅಷ್ಟೇ ಅಲ್ಲ, ಅದರ ಬೇರು ಕನ್ನಡ ನೆಲದಲ್ಲೂ ಚಾಚಿದೆ.

ಹಾಡಿಕೆಯ ಕ್ರಮ ಹೀಗಿದೆ. ಫೇಟಾ ಸುತ್ತಿ, ಅಂಗರಖಾ ತೊಟ್ಟ ಶಾಹೀರ ಎಡಗೈಯಲ್ಲಿ ದಫ್ ಎತ್ತಿ ಹಿಡಿದು ಬಾರಿಸುತ್ತಾನೆ. ಹಿಂದೆ ಒಬ್ಬ ತುಣತುಣೆ ಮೀಟುತ್ತಾನೆ, ಇನ್ನೊಬ್ಬ ಝಾಂಜ್ ಹಿಡಿದಿರುತ್ತಾನೆ. ಶಾಹೀರ ಸಾಲು ಮುಗಿಸುತ್ತಿದ್ದಂತೆ ಹಿಮ್ಮೇಳದವರು ಅದರ ಬಾಲ ಹಿಡಿದು 'ಜೀ ಜೀ ಜೀ' ಎಂದು ಎಳೆಯುತ್ತಾರೆ. ಅಷ್ಟರಲ್ಲಿ ಶಾಹೀರನಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ನಾಲಗೆಗೆ ಬರುತ್ತದೆ. ಹಾಡು 'ಚೌಕ'ಗಳಾಗಿ ಒಡೆದಿರುತ್ತದೆ. ಚೌಕದ ನಡುವೆ ಗದ್ಯದಲ್ಲಿ ಮಾತು, ಜನರನ್ನು ಕೆಣಕುವ ಪ್ರಶ್ನೆ, ತಮಾಷೆ. ಮೊದಲು ಗಣಪತಿಗೋ ಭವಾನಿಗೋ ನಮನ. ಕೊನೆಯಲ್ಲಿ ಕಟ್ಟಿದವನ ಹೆಸರು, ಕೆಲವೊಮ್ಮೆ ಅವನ ಗುರುವಿನದು, ಅಪರೂಪಕ್ಕೆ ಸಿಕ್ಕ ಬಹುಮಾನದ ಲೆಕ್ಕ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಲಾವಣಿ ಕೇಳಿದವರಿಗೆ ಇದರಲ್ಲಿ ಹೊಸದೆನಿಸುವುದು ಭಾಷೆಯೊಂದೇ.

ಶಾಹೀರ ಬರುವ ಮೊದಲು ಈ ನಾಡಿನಲ್ಲಿ ವೀರನ ಸ್ಮರಣೆ ಕಲ್ಲಿನಲ್ಲಿತ್ತು. ಪುಣೆ ಜಿಲ್ಲೆಯ ಹಳ್ಳಿಗಳ ದೇಗುಲದ ಮುಂದೆ ನಿಂತ ವೀರಗಲ್ಲುಗಳಲ್ಲಿ ಬಹಳಷ್ಟಕ್ಕೆ ಬರಹವಿಲ್ಲ, ಚಿತ್ರ ಮಾತ್ರ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದ ವೀರ. ಕನ್ನಡ ನಾಡಿನಲ್ಲಿ ಇದೇ ಕಲ್ಲಿಗೆ ಬಾಯೂ ಇದೆ. 10ನೆಯ ಶತಮಾನದ ನಡುವಿನ ಆತಕೂರು ಶಾಸನ ತಕ್ಕೋಲದ ಯುದ್ಧವನ್ನು ಹೇಳುತ್ತಲೇ ಹಂದಿಯೊಡನೆ ಹೋರಿ ಸತ್ತ ಕಾಳಿ ಎಂಬ ನಾಯಿಯನ್ನೂ ನೆನೆಯುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ ಇನ್ನೂ ಮುಂದೆ ಹೋಗುತ್ತದೆ. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ, ಅವನ ಮಡದಿ ಸುಗ್ಗಲದೇವಿ ಮತ್ತು ಅವರ ಗರುಡರು, ಅಂದರೆ ಒಡೆಯನೊಡನೆ ಸಾಯುವ ಪಣ ತೊಟ್ಟ ಭಟರು, ಪ್ರಾಣ ಕೊಟ್ಟರು. ತಮ್ಮ ಅಂಗಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಯೋಧರ ಶಿಲ್ಪ ಆ ಕಂಬದ ಮೇಲಿದೆ. ಅರಸನ ಅನ್ನ ಉಂಡವನು ಅರಸನ ನಂತರ ಬದುಕಬಾರದೆಂಬ, 'ವೇಳೆ' ಎಂದು ಕರೆಯುವ ಕಟ್ಟುಪಾಡು ಇಷ್ಟು ಕಠೋರ. ಪಂಪ 941ರಲ್ಲಿ ಅರ್ಜುನನೊಳಗೆ ಅರಿಕೇಸರಿಯನ್ನು ಕಂಡದ್ದು, ರನ್ನ ಭೀಮನೊಳಗೆ ಸತ್ಯಾಶ್ರಯನನ್ನು ಕಂಡದ್ದು ಅರಮನೆಯ ಮಟ್ಟದಲ್ಲಿ. ವೀರಗಲ್ಲು ಊರಿನ ಮಟ್ಟದ್ದು. ಪೋವಾಡ ಈ ಎರಡರ ನಡುವೆ ಓಡಾಡುತ್ತದೆ: ವಸ್ತು ಅರಸನದು, ದನಿ ಊರಿನದು.

ಎರಡು ನಾಡುಗಳ ವೀರಕಥೆ ಒಂದೇ ದಂಡಯಾತ್ರೆಯಲ್ಲಿ ಕೂಡಿಕೊಳ್ಳುವ ಪ್ರಸಂಗವೂ ಉಂಟು. ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪ್ ಬಂಡೆದ್ದು ಸೋತು ಕಂಪಿಲಿಯ ಅರಸ ಕಂಪಿಲರಾಯನ ಮರೆ ಹೊಕ್ಕ. ಮರೆ ಹೊಕ್ಕವನನ್ನು ಒಪ್ಪಿಸೆನೆಂದು ನಿಂತ ಕಂಪಿಲಿ 1327ರಲ್ಲಿ ನೆಲಸಮವಾಯಿತು. ಅದರ ಬೆನ್ನಿಗೇ, 1328ರ ಸುಮಾರಿಗೆ, ಅದೇ ಸುಲ್ತಾನ ಪುಣೆಯ ನೈಋತ್ಯಕ್ಕಿರುವ ಕೊಂಢಾಣಾ ಕೋಟೆಗೆ ಮುತ್ತಿಗೆ ಹಾಕಿದ. ಕೋಳಿ ಜನಾಂಗದ ನಾಗನಾಯಕ ತಿಂಗಳುಗಟ್ಟಲೆ ಕೋಟೆ ಕಾದ. ಕಡೆಗೆ ಉಣ್ಣಲು ಉಡಲು ಇಲ್ಲದೆ ಬಿಟ್ಟುಕೊಟ್ಟ. ಇಸಾಮಿ ತನ್ನ ಪಾರಸಿ ಕಾವ್ಯದಲ್ಲಿ ಇದನ್ನು ದಾಖಲಿಸಿದ್ದಾನೆ. ಕಂಪಿಲರಾಯನ ಮಗ ಕುಮಾರರಾಮ ಸಾಂಗತ್ಯಗಳ ನಾಯಕನಾದ, ಹಳ್ಳಿಗಳಲ್ಲಿ ದೇವರೇ ಆದ. ನಾಗನಾಯಕನಿಗೆ ಹಾಡು ಕಟ್ಟುವವರು ಸಿಗಲಿಲ್ಲ. ಅದೇ ಕೊಂಢಾಣಾ ಸುಮಾರು ಮುನ್ನೂರ ನಲವತ್ತು ವರ್ಷಗಳ ನಂತರ ಸಿಂಹಗಡವೆಂಬ ಹೆಸರಲ್ಲಿ ಮರಾಠಿಯ ಅತಿ ಪ್ರಸಿದ್ಧ ಪೋವಾಡಕ್ಕೆ ವಸ್ತುವಾಯಿತು.

ಸಿಕ್ಕಿರುವ ಪೋವಾಡಗಳಲ್ಲಿ ಹಳೆಯದು ಅಜ್ಞಾನದಾಸ (ಅಗಿನದಾಸ ಎಂದೂ ಹೇಳುವರು) ಕಟ್ಟಿದ ಅಫಜಲಖಾನನ ವಧೆ. ಆದಿಲಶಾಹಿ ಸೇನಾಪತಿಯಾದ ಈ ಖಾನನನ್ನು ಶಿವಾಜಿ ಕೊಂದದ್ದು 1659ರ ನವೆಂಬರ್ 10ರಂದು, ಪ್ರತಾಪಗಡದ ಬುಡದಲ್ಲಿ. ಶಿವಾಜಿಯ ತಾಯಿ ಜೀಜಾಬಾಯಿಯೇ ಈ ಹಾಡು ಕಟ್ಟಿಸಿದಳು, ಶಾಹೀರನಿಗೆ ಕುದುರೆಯೂ ಚಿನ್ನದ ತೋಡೆಯೂ ಬಹುಮಾನವಾಗಿ ಬಂದವು ಎಂಬುದು ಪರಂಪರೆಯ ಮಾತು. ಖಾನ ಹೊರಟದ್ದು ಆದಿಲಶಾಹಿ ರಾಜಧಾನಿ ವಿಜಯಪುರದಿಂದ. ಆ ಊರ ಹೊರಗೆ 'ಸಾಠ್ ಕಬರ್' ಎಂದು ಕರೆಯುವ ಗೋರಿಗಳ ಸಾಲು ಇಂದಿಗೂ ಇದೆ. ಹೋದವನು ಮರಳಲಾರನೆಂದು ಜೋಯಿಸ ನುಡಿದನಂತೆ, ಖಾನ ತನ್ನ ಹೆಂಡಿರನ್ನೆಲ್ಲ ಕೊಂದು ಹೂತು ಹೊರಟನಂತೆ. ಇದು ವಿಜಯಪುರದವರು ಹೇಳುವ ಕಥೆ. ಹೀಗೆ ಒಂದೇ ಯುದ್ಧದ ಒಂದು ತುದಿ ಕನ್ನಡ ಊರಿನ ದಂತಕಥೆಯಾಗಿಯೂ ಇನ್ನೊಂದು ತುದಿ ಮರಾಠಿಯ ಹಾಡಾಗಿಯೂ ಉಳಿದಿದೆ.

ಈ ಪೋವಾಡದಲ್ಲಿ ಧರ್ಮ ಎದ್ದು ಕಾಣುತ್ತದೆ. ತುಳಜಾಪುರದ ಭವಾನಿಗೆ ಖಾನನಿಂದ ಅಪಚಾರವಾಗುತ್ತದೆ. ದೇವಿ ಶಿವಾಜಿಯ ಕನಸಿನಲ್ಲಿ ಬಂದು ಅಭಯ ಕೊಡುತ್ತಾಳೆ. ಖಾನನ ಸಾವು ಅವಳಿಗೆ ಸಂದ ಬಲಿಯಾಗುತ್ತದೆ. ಆದರೆ ಎರಡು ಪಾಳೆಯಗಳಲ್ಲಿ ಯಾರಿದ್ದರೆಂದು ನೋಡಿದರೆ ಚಿತ್ರ ಸರಳವಲ್ಲ. ಖಾನನ ವಕೀಲ ಕೃಷ್ಣಾಜಿ ಭಾಸ್ಕರ ಬ್ರಾಹ್ಮಣ. ಉತ್ರೋಳಿಯ ದೇಶಮುಖ ಖಂಡೋಜಿ ಖೋಪಡೆ ಖಾನನ ಕಡೆ ಸೇರಿದ. ಪಕ್ಕದ ಕಾರಿ ಗ್ರಾಮದ ಕಾನ್ಹೋಜಿ ಜೇಧೆ ಶಿವಾಜಿಯ ಕಡೆ ನಿಂತ. ಇಬ್ಬರೂ ಈಗಿನ ಪುಣೆ ಜಿಲ್ಲೆಯ ಭೋರ್ ಸೀಮೆಯವರು, ಒಂದೇ ದೇವರುಗಳಿಗೆ ಕೈಮುಗಿಯುವವರು. ಶಿವಾಜಿ ಜತೆಗೆ ಒಯ್ದ ಆಯ್ದ ಅಂಗರಕ್ಷಕರಲ್ಲಿ ಸಿದ್ದಿ ಇಬ್ರಾಹಿಂ ಒಬ್ಬ. ಯಾರ ಉಪ್ಪು ಉಂಡೆವು, ಯಾರ ವತನ ಉಳಿಯಬೇಕು ಎಂಬುದೇ ಆ ಕಾಲದ ಯೋಧನ ಮೊದಲ ಪ್ರಶ್ನೆ. ದೇವಿ ಆ ನಿಷ್ಠೆಗೆ ಸಾಕ್ಷಿ. ಹಾಡನ್ನು ಎರಡು ಮತಗಳ ಯುದ್ಧವೆಂದು ಮಾತ್ರ ಓದುವುದು ನಂತರದವರ ಚಾಳಿ.

ಸಂಸ್ಕೃತದಲ್ಲಿ ಇದೇ ಕಥೆಯನ್ನು ಪರಮಾನಂದ ಕವಿ 'ಶಿವಭಾರತ'ದಲ್ಲಿ ಹೇಳಿದ. ಅಲ್ಲಿ ಶಿವಾಜಿ ವಿಷ್ಣುವಿನ ಅಂಶ, ಕಥೆ ಕೇಳುವವರು ಕಾಶಿಯ ಪಂಡಿತರು. ಪೋವಾಡದ ಶಿವಾಜಿ ಅಷ್ಟು ಎತ್ತರದಲ್ಲಿ ಕೂರುವುದಿಲ್ಲ. ಅವನಿಗೆ ಭಯವಾಗುತ್ತದೆ, ಅವನು ತಾಯಿಯ ಕಾಲು ಮುಟ್ಟಿ ಹೊರಡುತ್ತಾನೆ, ಅಂಗಿಯೊಳಗೆ ಕವಚ ತೊಡುತ್ತಾನೆ.

ಇನ್ನು ತುಳಸಿದಾಸನ ಸಿಂಹಗಡದ ಪೋವಾಡ. 1665ರ ಜೂನ್‌ನಲ್ಲಿ ಪುರಂದರದ ಒಪ್ಪಂದದಂತೆ ಶಿವಾಜಿ ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಕೊಂಢಾಣಾ ಒಂದು. 1670ರ ಫೆಬ್ರವರಿ 4ರ ರಾತ್ರಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಅದನ್ನು ಮರಳಿ ಗೆದ್ದು ಸತ್ತ. ಕೃಷ್ಣಾಜಿ ಅನಂತ ಸಭಾಸದ 1694ರ ಸುಮಾರಿಗೆ ಜಿಂಜಿಯಲ್ಲಿ ಕುಳಿತು ಬರೆದ ಬಖರಿನಲ್ಲಿ, ಅಂದರೆ ಗದ್ಯ ಚರಿತ್ರೆಯಲ್ಲಿ, ಇದು ಚಿಕ್ಕ ಪ್ರಸಂಗ: ಮಾವಳೆಗಳು (ಮಾವಳದ ಕಾಲಾಳುಗಳು) ಇರುಳಲ್ಲಿ ಬಂಡೆ ಹತ್ತಿದರು, ತಾನಾಜಿಯೂ ಕಿಲ್ಲೇದಾರ ಉದಯಭಾನುವೂ ಹೊಡೆದಾಡಿ ಇಬ್ಬರೂ ಬಿದ್ದರು, ತಮ್ಮ ಸೂರ್ಯಾಜಿ ಕೋಟೆ ಗೆದ್ದ, ಹುಲ್ಲಿನ ಛಾವಣಿಗೆ ಬೆಂಕಿ ಹಚ್ಚಿ ರಾಜಗಡಕ್ಕೆ ಸುದ್ದಿ ಮುಟ್ಟಿಸಿದರು. ಇಷ್ಟೇ.

ಶಾಹೀರನ ಕೈಯಲ್ಲಿ ಇದು ಬೆಳೆಯುತ್ತದೆ. ಜೀಜಾಬಾಯಿ ದೂರದಿಂದ ಕೋಟೆ ಕಂಡು ಬೇಕೆನ್ನುತ್ತಾಳೆ. ಮಗನನ್ನು ಪಗಡೆಗೆ ಕೂರಿಸಿ ಗೆದ್ದು ಕೋಟೆಯನ್ನೇ ಪಣವಾಗಿ ಕೇಳುತ್ತಾಳೆ. ತಾನಾಜಿಗೆ ಕರೆ ಹೋಗುವಾಗ ಅವನ ಮನೆಯಲ್ಲಿ ಮಗ ರಾಯಬನ ಮದುವೆಯ ಸಡಗರ. ಮದುವೆ ನಿಲ್ಲಿಸಿ, ಮುದುಕ ಶೇಲಾರಮಾಮನನ್ನು ಕಟ್ಟಿಕೊಂಡು ಅವನು ಹೊರಡುತ್ತಾನೆ. ಕಡಿದಾದ ಬಂಡೆಗೆ ಯಶವಂತಿ ಎಂಬ ಉಡವನ್ನು ಹಗ್ಗ ಕಟ್ಟಿ ಹತ್ತಿಸುತ್ತಾರೆ. ಉಡದ ಪಟ್ಟು ಕನ್ನಡಿಗರಿಗೂ ಗೊತ್ತಿರುವುದೇ; ಆದರೂ ಆಳುಗಳ ಭಾರ ತಡೆದು ನಿಲ್ಲುವ ಉಡ ಹಾಡಿನಲ್ಲಿ ಮಾತ್ರ ಸಿಗುತ್ತದೆ. ಸಭಾಸದನಲ್ಲಿ ಅದರ ಸುಳಿವಿಲ್ಲ. ತಾನಾಜಿ ಸತ್ತ ಸಿಂಹ, ಅದಕ್ಕೇ ಸಿಂಹಗಡ ಎಂಬ ಮಾತೂ ಹೀಗೆಯೇ. ಆ ಹೆಸರು 1670ಕ್ಕೆ ಮುನ್ನಿನ ಪತ್ರಗಳಲ್ಲೇ ಇದೆ.

ಕಥೆಯ ನಿಜವಾದ ಬಿಸಿ ಇರುವುದು ತಾನಾಜಿ ಬಿದ್ದ ನಂತರ. ನಾಯಕ ಸತ್ತನೆಂದು ಮಾವಳೆಗಳು ಹತ್ತಿಬಂದ ಹಗ್ಗದ ಕಡೆ ಓಡುತ್ತಾರೆ. ಸೂರ್ಯಾಜಿ ಅಡ್ಡ ನಿಲ್ಲುತ್ತಾನೆ: ಹಗ್ಗ ಕಡಿದಾಗಿದೆ, ಹಾರಿ ಸಾಯಿರಿ, ಇಲ್ಲವೇ ಹೊಡೆದು ಸಾಯಿರಿ. ಅವರು ತಿರುಗಿ ಬಿದ್ದು ಗೆಲ್ಲುತ್ತಾರೆ. ಕ್ರಿ.ಶ. 991ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಮಾಲ್ಡನ್‌ನಲ್ಲಿ ವೈಕಿಂಗರೆದುರು ಇಂಗ್ಲಿಷ್ ಸೈನ್ಯದ ಒಡೆಯ ಬಿರ್ಹ್ಟ್‌ನಾತ್ ಬಿದ್ದಾಗ ಬಂದದ್ದೂ ಇಂಥದೇ ಗಳಿಗೆ. ಅಲ್ಲಿನ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಗಾಡ್ರಿಕ್ ಎಂಬವನು ಸತ್ತ ಒಡೆಯನ ಕುದುರೆಯನ್ನೇ ಏರಿ ಓಡಿಹೋಗುತ್ತಾನೆ. ಒಡೆಯನೇ ಹೊರಟನೆಂದು ಭ್ರಮಿಸಿ ಸೈನ್ಯ ಒಡೆಯುತ್ತದೆ. ಉಳಿದವರು ಒಬ್ಬೊಬ್ಬರಾಗಿ ಪ್ರತಿಜ್ಞೆ ನುಡಿದು ಸಾಯುತ್ತಾರೆ. ಮಾಲ್ಡನ್‌ನ ವೀರ ಸೋಲನ್ನು ಅರಿತೂ ನಿಲ್ಲುವವನು. ಹಳೇಬೀಡಿನ ಗರುಡನೂ ಅದೇ ಜಾತಿಯವನು: ಅವನಿಗೆ ಗೆಲ್ಲಲು ಯುದ್ಧವೇ ಇಲ್ಲ, ಸಾವೇ ಸೇವೆ. ಸೂರ್ಯಾಜಿಯ ಲೆಕ್ಕ ಬೇರೆ. ಒಡೆಯ ಸತ್ತರೂ ಕೆಲಸ ಸಾಯಬಾರದು ಎನ್ನುತ್ತಾನೆ. ಮಾವಳದ ರೈತ ಸಿಪಾಯಿಗೆ ಒಪ್ಪುವ ವೀರವಿದು. ಮೂರರಲ್ಲಿ ಹೆಚ್ಚು ಮನುಷ್ಯನ ಮಾತೂ ಇದೇ ಎಂದು ಈ ಲೇಖಕನ ಎಣಿಕೆ.

ಉದಯಭಾನು ರಾಠೋಡ ರಜಪೂತ, ಹಿಂದೂ. ಶಾಹೀರನಿಗೆ ಇದು ತೊಡಕು. ಅದನ್ನು ಅವನು ಬಿಡಿಸಿದ ರೀತಿ ನೋಡಬೇಕು: ಉದಯಭಾನುವಿಗೆ ಹದಿನೆಂಟು ಹೆಂಡಿರನ್ನೂ ಹನ್ನೆರಡು ಮಕ್ಕಳನ್ನೂ ಚಂದ್ರಾವಳಿ ಎಂಬ ಮದ್ದಾನೆಯನ್ನೂ ರಾಕ್ಷಸನ ಹೊಟ್ಟೆಯನ್ನೂ ಕೊಟ್ಟುಬಿಡುತ್ತಾನೆ. ಮತದಿಂದ ಶತ್ರುವಾಗದವನನ್ನು ಪುರಾಣದಿಂದ ಶತ್ರುವಾಗಿಸುತ್ತಾನೆ. ಬೇವುಲ್ಫ್ ಕಾವ್ಯದ ಗ್ರೆಂಡೆಲ್‌ನನ್ನು ಕೇನನ ಸಂತತಿಗೆ ಸೇರಿಸಿದ ಕ್ರೈಸ್ತ ಕವಿಯ ಜಾಣ್ಮೆಯೂ ಇಂಥದ್ದೇ.

ವೀರಗಾಥೆಯ ದೈವ ಯಾವುದೆಂದು ತಿಳಿಯಲು ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿಗೆ ಹೋಗಬೇಕು. ಅಲ್ಲಿನ ಖಂಡೋಬ ಕುದುರೆ ಏರಿ ಕತ್ತಿ ಹಿಡಿದ ದೇವರು. ದಸರೆಯಲ್ಲಿ ಸುಮಾರು 42 ಕಿಲೋ ತೂಕದ ಖಡ್ಗವನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿಯುವ ಪಂದ್ಯ ನಡೆಯುತ್ತದೆ. ಗಾಳಿಯ ತುಂಬ ಭಂಡಾರ. ಹೂವಿನಹಡಗಲಿ ಸೀಮೆಯ ಮೈಲಾರಲಿಂಗನೇ ಇವನು. ಅಲ್ಲಿ ಗೊರವರು, ಇಲ್ಲಿ ವಾಘ್ಯಾಗಳು. ಅಲ್ಲಿ 'ಏಳುಕೋಟಿ', ಇಲ್ಲಿ 'ಯೆಳಕೋಟ'. ಮಣಿ ಮಲ್ಲಾಸುರರನ್ನು ಕೊಂದ ಕಥೆ ಎರಡೂ ಕಡೆ ಒಂದೇ. ದನ ಕುರಿ ಕಾಯುವವರ, ಕುದುರೆ ಸವಾರರ ದೇವರು ಅರಸರ ಕುಲದೈವವಾದದ್ದು ಎರಡೂ ನಾಡಿನ ಚರಿತ್ರೆ. ಪೋವಾಡವನ್ನು ಜತನವಾಗಿ ಉಳಿಸಿದವರಲ್ಲಿ ಗೊಂದಲಿಗರೂ ಸೇರುತ್ತಾರೆ: ಮದುವೆ ಮುಗಿದ ಮನೆಯಲ್ಲಿ ಭವಾನಿಯ ಗೊಂದಲ ಹಾಕಿ, ಇರುಳಿಡೀ ಸಂಬಳ ವಾದ್ಯ ಬಾರಿಸಿ, ದೇವಿಯ ಕಥೆಯ ಜತೆಗೇ ವೀರನ ಕಥೆಯನ್ನೂ ಹಾಡುವವರು.

ಇನ್ನೊಂದು ಧರ್ಮ ಆಳಂದಿ ದೇಹುಗಳದು. ಪುಣೆಯ ಬಗಲಲ್ಲೇ ಇಂದ್ರಾಯಣಿ ದಂಡೆಯ ಈ ಊರುಗಳಿಂದ ಹೊರಟ ವಾರಕರಿ ಭಕ್ತಿಗೆ ಕತ್ತಿಯ ಹಂಗಿಲ್ಲ. ಆದರೆ 17ನೆಯ ಶತಮಾನದ ತುಕಾರಾಮ 'ಪಾಯಿಕ'ನ ಬಗ್ಗೆ, ಅಂದರೆ ಕಾಲಾಳಿನ ಬಗ್ಗೆ, ಅಭಂಗಗಳನ್ನು ರಚಿಸಿದ್ದಾನೆ. ಒಡೆಯನಿಗಾಗಿ ಜೀವದ ಆಸೆ ಬಿಟ್ಟವನೇ ನಿಜವಾದ ಪಾಯಿಕ ಎಂಬುದು ಅವುಗಳ ತಿರುಳು, ಒಡೆಯನೆಂದರೆ ವಿಠ್ಠಲ. ನೈಟ್‌ನನ್ನು ಕ್ರಿಸ್ತನ ಸೈನಿಕನಾಗಿ ಕಂಡ ಯುರೋಪಿನ ಮಠಗಳ ದಾರಿ ಇದಕ್ಕೆ ದೂರವಲ್ಲ. ಅಲ್ಲಿ ಮಠ ಯೋಧನನ್ನು ತಿದ್ದಲು ಹೊರಟಿತು, ಇಲ್ಲಿ ಸಂತ ಯೋಧನಿಂದ ಮಾತನ್ನು ಕಡ ತಂದ.

ಯುರೋಪಿನ ವೀರನೀತಿಯಲ್ಲಿ ಹೆಣ್ಣಿನ ಸ್ಥಾನ ದೊಡ್ಡದು. 14ನೆಯ ಶತಮಾನದ ಕೊನೆಯ ಇಂಗ್ಲಿಷ್ ಕಾವ್ಯದಲ್ಲಿ ಗವೇನ್ ಎಂಬ ನೈಟ್‌ನ ನಿಜವಾದ ಪರೀಕ್ಷೆ ಕೊಡಲಿಯ ಕೆಳಗಲ್ಲ, ಆತಿಥೇಯನ ಹೆಂಡತಿ ಮಂಚದ ಬಳಿ ಬಂದಾಗ. ಕನ್ನಡದ ಕುಮಾರರಾಮನ ಕಥೆಯ ನಡುಗಂಬವೂ ಇದೇ. 16ನೆಯ ಶತಮಾನದ ನಂಜುಂಡ ಕವಿಯ ಸಾಂಗತ್ಯದಲ್ಲಿ ಮಲತಾಯಿ ರತ್ನಾಜಿ ಬಯಸುತ್ತಾಳೆ, ರಾಮ ಒಲ್ಲೆನೆನ್ನುತ್ತಾನೆ, ಸುಳ್ಳು ದೂರಿಗೆ ತಂದೆ ಮಗನ ತಲೆ ಕೇಳುತ್ತಾನೆ. ಪರನಾರೀ ಸಹೋದರನೆಂಬ ಬಿರುದು ಅವನಿಗೆ ರಣದ ಬಿರುದಿಗಿಂತ ಮೇಲು. ಶಿವಾಜಿಯ ಸುತ್ತ ಇಂಥದೇ ಕಥೆ ಕಲ್ಯಾಣದ ಸುಭೇದಾರನ ಸೊಸೆಯದು: ಸೆರೆಯಾಗಿ ಬಂದ ಹೆಣ್ಣನ್ನು ಉಡುಗೊರೆ ಕೊಟ್ಟು ಗೌರವದಿಂದ ಕಳಿಸಿದನೆಂದು. ಶಾಹೀರರ ಮೆಚ್ಚಿನ ಪ್ರಸಂಗವಿದು. ಸಮಕಾಲೀನ ದಾಖಲೆಯ ಬಲ ಮಾತ್ರ ಅದಕ್ಕಿಲ್ಲ. ಶಿವಾಜಿ ದಕ್ಷಿಣ ದಿಗ್ವಿಜಯದಿಂದ ಮರಳುವ ದಾರಿಯಲ್ಲಿ, 1678ರ ಸುಮಾರಿಗೆ, ಬೆಳವಡಿಯಲ್ಲಿ ನಡೆದದ್ದು ಗಟ್ಟಿ ಸಂಗತಿ. ಮಲ್ಲಮ್ಮ ದೇಸಾಯಿಣಿ (ಮರಾಠಿ ಮೂಲಗಳ ಸಾವಿತ್ರಿಬಾಯಿ) ಶಿವಾಜಿಯ ಸೈನ್ಯದೆದುರು ಸುಮಾರು 27 ದಿನ ಕೋಟೆ ಕಾದಳು. ಸೆರೆಯಾದ ಮೇಲೆ ಅವಳೊಡನೆ ಕೆಟ್ಟದಾಗಿ ನಡೆದುಕೊಂಡ ತನ್ನದೇ ಸರದಾರ ಸಖುಜಿ ಗಾಯಕವಾಡನಿಗೆ ಶಿವಾಜಿ ಉಗ್ರ ಶಿಕ್ಷೆ ವಿಧಿಸಿದನೆಂದು ಅದೇ ಮೂಲಗಳು ಹೇಳುತ್ತವೆ. ಧಾರವಾಡದ ಬಳಿಯ ಯಾದವಾಡದಲ್ಲಿರುವ ಶಿಲ್ಪ ಈ ಪ್ರಸಂಗದ್ದೇ ಎಂದು ಜನ ನಂಬುತ್ತಾರೆ. ಶಾಹೀರರು ಸುಭೇದಾರನ ಸೊಸೆಯನ್ನು ಹಾಡಿದಷ್ಟು ಮಲ್ಲಮ್ಮನನ್ನು ಹಾಡಲಿಲ್ಲ. ಎದುರು ನಿಂತು ಹೊಡೆದಾಡಿದ ಹೆಣ್ಣು ವೀರಗಾಥೆಗೆ ಸುಲಭದ ವಸ್ತುವಲ್ಲ.

ಪೇಶ್ವೆಗಳ ಕಾಲಕ್ಕೆ ಪುಣೆ ರಾಜಧಾನಿಯಾದಾಗ ಶಾಹೀರರು ಪೇಟೆಗೆ ಬಂದರು. 1761ರ ಜನವರಿ 14ರ ಪಾಣಿಪತ್ ಸೋಲು ಶೋಕದ ಪೋವಾಡಗಳನ್ನು ಹುಟ್ಟಿಸಿತು, 1795ರ ಖರ್ಡಾ ಗೆಲುವು ಉಬ್ಬಿನವನ್ನು. ಸಂಗಮನೇರದ ಅನಂತ ಫಂದಿ, ಪುಣೆಯ ಪ್ರಭಾಕರ, ಹೋನಾಜಿ ಬಾಳ, ಸಗನಭಾವು ಈ ಕಾಲದ ಹೆಸರುಗಳು. ಕನ್ನಡ ಸೀಮೆಗೆ ಹತ್ತಿರದ ಸೊಲ್ಲಾಪುರದ ರಾಮ ಜೋಶಿ ಕನ್ನಡ, ತೆಲುಗು ಬೆರಸಿದ ಲಾವಣಿಯನ್ನೂ ಕಟ್ಟಿದ. ಶೃಂಗಾರದ ಲಾವಣಿಗೆ ಬೇಡಿಕೆ ಏರಿದಂತೆ ವೀರಗಾಥೆ ದೊರೆಯ ಹೊಗಳಿಕೆಗೆ ಜಾರಿತು. 1817ರ ನವೆಂಬರ್ 5ರ ಖಡಕಿ ಯುದ್ಧದ ನಂತರ ಆ ಹೊಗಳಿಕೆಗೂ ದೊರೆ ಉಳಿಯಲಿಲ್ಲ.

ಹಾಡು ಪುಸ್ತಕವಾದದ್ದು ಮುಂಬಯಿ ಪ್ರಾಂತದ ಅಧಿಕಾರಿಗಳ ಕುತೂಹಲದಿಂದ. ಮುಂಬಯಿಯ ಮುನಿಸಿಪಲ್ ಕಮಿಷನರ್ ಹ್ಯಾರಿ ಆಕ್‌ವರ್ಥ್ ಮತ್ತು ಶಂಕರ ತುಕಾರಾಮ ಶಾಳಿಗ್ರಾಮ ಸೇರಿ 1891ರಲ್ಲಿ ಐತಿಹಾಸಿಕ ಪೋವಾಡಗಳ ಸಂಗ್ರಹ ಹೊರತಂದರು. 1894ರಲ್ಲಿ ಆಕ್‌ವರ್ಥನ ಇಂಗ್ಲಿಷ್ ಅನುವಾದ ಬಂತು. ಯ. ನ. ಕೇಳಕರರ 'ಐತಿಹಾಸಿಕ ಪೋವಾಡೆ' 1928ರದು. ಇಷ್ಟರಲ್ಲಿ ಪೋವಾಡ ಹೊಸ ಜಗಳಗಳಿಗೆ ಆಯುಧವಾಗಿತ್ತು. ಪುಣೆಯ ಜೋತಿರಾವ್ ಫುಲೆ 1869ರಲ್ಲಿ ಬರೆದ ಶಿವಾಜಿಯ ಪೋವಾಡದಲ್ಲಿ ನಾಯಕ ರೈತಕುಲದ ರಾಜ, ಬ್ರಾಹ್ಮಣ ಗುರುವಿನ ಆಸರೆ ಬೇಡದವನು. 1896ರಲ್ಲಿ ರಾಯಗಡದ ಶಿವಾಜಿ ಉತ್ಸವದೊಡನೆ ತಿಲಕರು ಕಟ್ಟಿದ ಶಿವಾಜಿ ರಾಷ್ಟ್ರದ ನಾಯಕ. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಸಾವರಕರ್ ಸಿಂಹಗಡದ ಮೇಲೂ ಶಿವಾಜಿಯ ಸರದಾರ ಬಾಜಿಪ್ರಭುವಿನ ಮೇಲೂ ಬರೆದ ಪೋವಾಡಗಳನ್ನು ಬ್ರಿಟಿಷ್ ಸರ್ಕಾರ ನಿಷೇಧಿಸಿತು. ಶಾಹೀರ ಅಣ್ಣಾಭಾವು ಸಾಠೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಟಾಲಿನ್‌ಗ್ರಾಡ್‌ನ ಮೇಲೆ ಕಟ್ಟಿದಾಗ ಭವಾನಿಯ ಜಾಗಕ್ಕೆ ದುಡಿಯುವ ವರ್ಗ ಬಂತು. ಮುಂದೆ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ವೇದಿಕೆಗಳಲ್ಲಿ ಅವನೂ ಅಮರ ಶೇಖ್‌ನೂ ದಫ್ ಬಾರಿಸಿದರು. ಒಂದೇ ದಫ್, ಒಂದೇ ತಾಳ. ವೀರನ ಧರ್ಮ ಮಾತ್ರ ಪ್ರತಿ ಸಲವೂ ಬೇರೆ.

ವೀರನ ಬಗ್ಗೆ ವಿಮರ್ಶೆಯಿಂದ ಬರೆಯುವುದು ಅದೇ ಪುಣೆಯಲ್ಲಿ ಎಷ್ಟು ಕಷ್ಟವೆಂದು 2004ರ ಜನವರಿ 5 ತೋರಿಸಿತು. 'ಶಿವಭಾರತ'ವನ್ನು ಇಂಗ್ಲಿಷಿಗೆ ತಂದ ಜೇಮ್ಸ್ ಲೇನ್ ಶಿವಾಜಿಯ ದಂತಕಥೆಗಳ ಮೇಲೆ ಬರೆದ ಪುಸ್ತಕಕ್ಕೆ ನೆರವಾಯಿತೆಂಬ ಕಾರಣಕ್ಕೆ ಸಂಭಾಜಿ ಬ್ರಿಗೇಡಿನವರು ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕೆ ನುಗ್ಗಿ ಹಾಳುಗೆಡವಿದರು. ಇದು ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು 1919ರಿಂದ 1966ರವರೆಗೆ ದುಡಿದು ಸಿದ್ಧಪಡಿಸಿದ ಸಂಸ್ಥೆ. ಪುಸ್ತಕದ ಮೇಲಿನ ನಿಷೇಧವನ್ನು ಮುಂಬಯಿ ಹೈಕೋರ್ಟ್ ತೆಗೆದುಹಾಕಿತು, 2010ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು.

ಕನ್ನಡದ ಲಾವಣಿಗಳಿಗೂ ಅದೇ ಮುಂಬಯಿ ಪ್ರಾಂತದಲ್ಲಿ, ಆಕ್‌ವರ್ಥನ ಸಂಗ್ರಹಕ್ಕೆ ಕೆಲವೇ ವರ್ಷ ಮೊದಲು, ಅವನಂಥದೇ ಒಬ್ಬ ಅಧಿಕಾರಿ ಸಿಕ್ಕ. ಜೆ. ಎಫ್. ಫ್ಲೀಟ್ ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು 1885ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ. ಗೊಂದಲಿಗ ಪರಂಪರೆಯೂ ನಮ್ಮಲ್ಲಿ ಬದುಕಿದೆ. ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಫ್ಲೀಟನ ಸಂಗ್ರಹವನ್ನೂ ಶಾಳಿಗ್ರಾಮರ ಸಂಗ್ರಹವನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಲ್ಲವರು, ಎರಡೂ ಭಾಷೆ ಬಲ್ಲವರು, ಬೆಳಗಾವಿ ಸೊಲ್ಲಾಪುರಗಳಲ್ಲಿ ಇಂದಿಗೂ ಬೇಕಾದಷ್ಟು ಜನ ಇದ್ದಾರೆ. ಗಡಿಯ ವಿಶ್ವವಿದ್ಯಾಲಯಗಳು ಈ ಕೆಲಸವನ್ನು ಅವರಿಗೆ ಒಪ್ಪಿಸಬೇಕು.